ನಾದ ಹತ್ತಿದವರ ತಾಲೀಮು

ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಸ್ವವಿವರದಲ್ಲಿ ‘ಹವ್ಯಾಸಗಳು’ ಎಂದೊಂದು ಸಾಲು ಇರುತ್ತದಲ್ಲ, ಅಲ್ಲಿ ಏನು ಬರೆಯಬೇಕ್ರಿ ಸರ್? ಪುಸ್ತಕ ಓದುವುದು, ಸಂಗೀತ ಕೇಳುವುದು, ಕ್ರಿಕೆಟ್ ಆಡುವುದು ಎಂದು ಎಲ್ಲರೂ ಬರೆಯುತ್ತಾರೆ. ಸಂದರ್ಶನದಲ್ಲಿ ಅದರ ಮೇಲೆ ಎರಡನೆಯ ಪ್ರಶ್ನೆ ಬಂದರೆ ಮಾತು ನಿಂತುಹೋಗುತ್ತದೆ. ಅವರ ತಂದೆತಾಯಿಯರ ಚಿಂತೆ ಬೇರೆ: ಹವ್ಯಾಸದ ಬೆನ್ನು ಹತ್ತಿದರೆ ಅಭ್ಯಾಸ ಕೆಡುವುದಿಲ್ಲವೇ? ನಮ್ಮ ಕಡೆ ಅಭ್ಯಾಸವೆಂದರೆ ಓದು. ಇನ್ನು ಕನ್ನಡ ಮಾಸ್ತರರೊಬ್ಬರು ಕೇಳಿದ್ದು ನೇರವಾಗಿತ್ತು: ಹವ್ಯಾಸ, ಪರಿಶ್ರಮ ಇವೆರಡನ್ನೂ ವಿರುದ್ಧಪದಗಳೆಂದು ಮಕ್ಕಳಿಗೆ ಹೇಳಬಹುದೇ?

ಹೇಳಬಾರದು ಎಂಬುದು ನನ್ನ ಉತ್ತರ. ಅದಕ್ಕೆ ಕಾರಣ ನಿಘಂಟಿನಲ್ಲಿ ಅರ್ಧ ಸಿಗುತ್ತದೆ, ಉಳಿದರ್ಧ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಸಿಗುತ್ತದೆ.

ಮೊದಲು ಓಣಿಯ ಮಾತನ್ನೇ ಹಿಡಿಯೋಣ. ಇಲ್ಲಿ ಯಾರೂ ಮನೆಮಾತಿನಲ್ಲಿ ‘ಅವನಿಗೆ ನಾಟಕದ ಹವ್ಯಾಸವಿದೆ’ ಎನ್ನುವುದಿಲ್ಲ. ‘ಅವಂಗ ನಾಟಕದ ನಾದ ಹತ್ತೇತಿ’ ಎನ್ನುತ್ತಾರೆ. ಸ್ವಲ್ಪ ಸಿಟ್ಟಿದ್ದರೆ ಹುಚ್ಚು, ಇನ್ನೂ ಸಿಟ್ಟಿದ್ದರೆ ಚಟ. ಕೈಯಲ್ಲಿ ರೊಕ್ಕ ಇದ್ದವನು ಮಾಡಿದರೆ ಶೋಕಿ. ಆಗಾಗ ಬಂದು ಹೋಗುವಂಥದ್ದಾದರೆ ಖಯಾಲಿ. ನಾದವೆಂದರೆ ಸಂಗೀತದ ದನಿ ಎಂಬುದು ಪುಸ್ತಕದ ಅರ್ಥ. ಮೋಹ, ಗುಂಗು, ಬಿಡಲಾರದ ಸೆಳೆತ ಎಂಬುದು ಮರಾಠಿಯಲ್ಲೂ ಧಾರವಾಡದ ಕನ್ನಡದಲ್ಲೂ ಇರುವ ಅರ್ಥ. ಖಯಾಲ್ ಎಂಬ ಅರಬ್ಬಿ ಪದಕ್ಕೆ ಕಲ್ಪನೆ ಎಂದರ್ಥ. ಹಿಂದುಸ್ತಾನಿ ಗಾಯನದ ದೊಡ್ಡ ಪ್ರಕಾರಕ್ಕೆ ಅದೇ ಹೆಸರಾಯಿತು, ನಮ್ಮ ಬಾಯಲ್ಲಿ ಅದೇ ಖಯಾಲಿಯೂ ಆಯಿತು. ಖಯಾಲ್ ಗಾಯಕ ಮಲ್ಲಿಕಾರ್ಜುನ ಮನಸೂರರ ಊರಿನಲ್ಲಿ ಒಂದೇ ಪದ ಹಾಡಿನ ಶಿಖರಕ್ಕೂ ಸಲ್ಲುತ್ತದೆ, ಮನೆಯವರ ಬೈಗುಳಕ್ಕೂ ಸಲ್ಲುತ್ತದೆ.

ಈ ಪದಗಳ ಜೊತೆಗೆ ಬರುವ ಕ್ರಿಯಾಪದಗಳನ್ನು ಗಮನಿಸಿ. ನಾದ ಹತ್ತುತ್ತದೆ, ಚಟ ಅಂಟುತ್ತದೆ, ಹುಚ್ಚು ಹಿಡಿಯುತ್ತದೆ. ಮನುಷ್ಯ ಇಲ್ಲಿ ಕರ್ತೃವೇ ಆಗುವುದಿಲ್ಲ, ಚತುರ್ಥಿ ವಿಭಕ್ತಿಯಲ್ಲಿ ಕೈಕಟ್ಟಿ ನಿಂತಿರುತ್ತಾನೆ. ‘ಅವಂಗ’ ಹತ್ತುತ್ತದೆ, ಅವನು ಹತ್ತಿಸಿಕೊಂಡದ್ದು ಅಪರೂಪ. ದುಡಿತದ ಮಾತು ಬಂದ ಕೂಡಲೇ ವ್ಯಾಕರಣ ಬದಲಾಗುತ್ತದೆ. ‘ಅವ ದುಡಿತಾನ’, ‘ಅವ ಸಾಮು ತಗೀತಾನ’, ‘ಅಕಿ ರಿಯಾಜ ಮಾಡ್ತಾಳ’. ಈಗ ಮನುಷ್ಯ ಪ್ರಥಮಾ ವಿಭಕ್ತಿಗೆ ಬಂದ, ಕೆಲಸ ಅವನದಾಯಿತು. ಆಸಕ್ತಿ ನಮ್ಮ ಮೇಲೆ ಬಂದೆರಗುವಂಥದ್ದು, ದುಡಿಮೆ ನಾವು ಎದ್ದು ಮಾಡುವಂಥದ್ದು ಎಂಬ ತಿಳಿವಳಿಕೆ ಕನ್ನಡದ ವಾಕ್ಯರಚನೆಯಲ್ಲೇ ಕೂತಿದೆ. ಹಾಗಾದರೆ ಇವೆರಡೂ ಬೇರೆ ಬೇರೆ ಹಂತಗಳಾದವೇ ಹೊರತು ಒಂದಕ್ಕೊಂದು ವಿರುದ್ಧವಾಗಲಿಲ್ಲ.

ಇನ್ನು ಹವ್ಯಾಸ ಎಂಬ ಪದ. ಗಡಿ ದಾಟಿ ಕೊಲ್ಹಾಪುರಕ್ಕೆ ಹೋಗಿ ನಿಮ್ಮ ಹವ್ಯಾಸವೇನು ಎಂದು ಕೇಳಿದರೆ ಎದುರಿನವರು ಹುಬ್ಬೇರಿಸಿಯಾರು. ಮರಾಠಿಯಲ್ಲಿ ಹವ್ಯಾಸವೆಂದರೆ ಹಪಹಪಿ, ತೀರದ ಆಸೆ. ಅಧಿಕಾರದ ಹವ್ಯಾಸ, ಸಂಪತ್ತಿನ ಹವ್ಯಾಸ ಎಂದು ಅಲ್ಲಿ ನಿಂದೆಗೆ ಬಳಸುತ್ತಾರೆ. ನಾವು ಹವ್ಯಾಸ ಎನ್ನುವುದಕ್ಕೆ ಅವರು ಛಂದ ಎನ್ನುತ್ತಾರೆ. ಧಾರವಾಡದವರ ಬಾಯಲ್ಲಿ ಛಂದವೆಂದರೆ ಚೆಲುವು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಎರಡು ಭಾಷೆಗಳ ಪದಗಳು ಹೀಗೆ ಒಂದೇ ಅಂಗಳದಲ್ಲಿ ಆಡಿ ಬೇರೆ ಬೇರೆ ಮನೆ ಸೇರಿವೆ. ಕನ್ನಡದಲ್ಲಿಯೂ ‘ಕುಡಿತದ ಹವ್ಯಾಸ’ ಎಂಬ ಬಳಕೆ ಉಳಿದಿದೆ. ಅಲ್ಲಿ ಅದರ ಅರ್ಥ ರೂಢಿ, ಚಾಳಿ. ಬಿಡುವಿನ ವೇಳೆಯ ನಿರಪಾಯ ಮನರಂಜನೆ ಎಂಬ ಅರ್ಥವೊಂದೇ ಈಗ ಶಾಲೆಯ ಪ್ರಬಂಧಗಳಲ್ಲಿ ಉಳಿದು, ಪದದ ಹಳೆಯ ಕಾವು ಆರಿದೆ.

ದುಡಿಮೆಯ ಕಡೆಗೆ ಬಂದರೆ ಪದಗಳ ಸಂತೆಯೇ ಇದೆ. ದುಡಿ ಎಂಬುದು ನಮ್ಮದೇ ಧಾತು. ಸಂಸ್ಕೃತದ ಶ್ರಮಕ್ಕೆ ಮೂಲದಲ್ಲಿ ದಣಿವು ಎಂಬ ಅರ್ಥವೂ ಇದೆ. ‘ಪರಿ’ ಸೇರಿದರೆ ಮೈಯೆಲ್ಲ ದಣಿಯುವಷ್ಟು. ತಪಸ್ಸು ಮಾಡಿ ಬಳಲುವ ಶ್ರಮಣ, ಆ ತಪಸ್ಸು ನಡೆಯುವ ಆಶ್ರಮ, ಬಳಲಿಕೆ ನೀಗುವ ವಿಶ್ರಾಂತಿ ಮೂರೂ ಅದೇ ಧಾತುವಿನಿಂದ ಬಂದವು. ಅರಬ್ಬಿಯಿಂದ ಬಂದ ರಿಯಾಜಕ್ಕೆ ಕುದುರೆಯನ್ನು ಪಳಗಿಸುವುದು ಎಂಬ ಹಳೆಯ ಅರ್ಥವಿದೆ. ಮೆಹನತ್ತಿನ ಮೂಲದಲ್ಲಿ ಪರೀಕ್ಷೆ, ಸಂಕಟ ಎಂಬ ಅರ್ಥವಿದೆ. ಇವುಗಳಲ್ಲೆಲ್ಲ ನನಗೆ ಹೆಚ್ಚು ಇಷ್ಟವಾದ ಪದ ತಾಲೀಮು. ಅರಬ್ಬಿಯಲ್ಲಿ ಕಲಿಸುವುದು ಎಂದು ಅದರ ಅರ್ಥ. ಗರಡಿಯ ಪೈಲ್ವಾನ ಮೈ ಹುರಿಗೊಳಿಸುವುದೂ ತಾಲೀಮು, ಗವಾಯಿ ಗುರುವಿನೆದುರು ಕೂತು ಕಲಿಯುವುದೂ ತಾಲೀಮು, ಊರ ಜಾತ್ರೆಗೆ ನಾಟಕ ಕಲಿಯುವ ರೈತರ ಮಕ್ಕಳು ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಾಡುವುದೂ ತಾಲೀಮು. ಮೊದಲಿಬ್ಬರಿಗೆ ಅದು ಅನ್ನದ ದಾರಿ, ಮೂರನೆಯವರಿಗೆ ನಾದ. ತಾಲೀಮು ಮಾತ್ರ ಮೂವರಿಗೂ ಒಂದೇ.

ಇದನ್ನು ನಾನು ಅರಿತದ್ದು ನಾಟಕದವರ ನಡುವೆ. ಇಂದು ಹವ್ಯಾಸಿ ರಂಗಭೂಮಿ ಎನ್ನುವುದಕ್ಕೆ ಹಿಂದೆ ವಿಲಾಸಿ ರಂಗಭೂಮಿ ಎಂಬ ಹೆಸರೂ ಇತ್ತು. ನೌಕರಿ ಇದ್ದವರು, ಓದಿದವರು ಮೋಜಿಗೆ ಆಡುವ ನಾಟಕ ಎಂಬ ಧ್ವನಿ ಅದರಲ್ಲಿದೆ. ಅವರ ಎದುರಿಗೆ ಊರೂರಿಗೆ ಡೇರೆ ಹಾಕುವ ವೃತ್ತಿ ಕಂಪನಿಗಳು. ಆದರೆ ವಿಲಾಸಿಗಳ ವಿಲಾಸವೆಂಥದ್ದು ನೋಡಿ. ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಆದ್ಯ ರಂಗಾಚಾರ್ಯರು ‘ಶ್ರೀರಂಗ’ ಎಂಬ ಹೆಸರಿನಲ್ಲಿ 40ಕ್ಕೂ ಹೆಚ್ಚು ದೊಡ್ಡ ನಾಟಕಗಳನ್ನೂ ರಾಶಿ ಏಕಾಂಕಗಳನ್ನೂ ಬರೆದರು, ಭರತನ ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದರು. ಸಂಬಳ ಬರುತ್ತಿದ್ದುದು ಕಾಲೇಜಿನಿಂದ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟ ಧಾರವಾಡದ ಸುಭಾಸ ರಸ್ತೆಯಲ್ಲಿದೆ. ಆ ಅಟ್ಟದ ಬೆಂಬಲ ಪಡೆದ ಗಿರೀಶ ಕಾರ್ನಾಡರು ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿ ಮಾಡುತ್ತಲೇ ನಾಟಕ ಬರೆದವರು. ಹೊಟ್ಟೆಪಾಡು ಒಂದು ಕಡೆ, ಬರವಣಿಗೆ ಇನ್ನೊಂದು ಕಡೆ. ಆಧುನಿಕ ಕನ್ನಡ ನಾಟಕದ ಬಹುಪಾಲನ್ನು ಕಟ್ಟಿದವರು ಹೀಗೆ ಬೇರೆ ಕಡೆ ಸಂಬಳ ತೆಗೆದುಕೊಂಡವರು.

ನಾನೂ ಹರೆಯದಲ್ಲಿ ಅಂಥದೊಂದು ತಂಡದಲ್ಲಿದ್ದೆ. ನಮ್ಮಲ್ಲಿ ಬ್ಯಾಂಕಿನ ಕಾರಕೂನರಿದ್ದರು, ರೇಲ್ವೆಯವರಿದ್ದರು, ಸಾಲಿ ಮಾಸ್ತರರಿದ್ದರು. ಕಚೇರಿ ಬಿಟ್ಟ ಮೇಲೆ ಶಾಲೆಯೊಂದರ ಕೋಣೆಯಲ್ಲಿ ಬೆಂಚು ಸರಿಸಿ ತಾಲೀಮು. ನಿರ್ದೇಶಕರು ಒಂದು ಪ್ರವೇಶವನ್ನು ಎಷ್ಟು ಸಲ ಮಾಡಿಸುತ್ತಿದ್ದರೆಂದರೆ ಕೊನೆಗೆ ಕಾವಲುಗಾರನೇ ಮಾತು ತಪ್ಪಿದವರಿಗೆ ಹೇಳಿಕೊಡುತ್ತಿದ್ದ. ರಾತ್ರಿ ಕೊನೆಯ ಬಸ್ಸು ಹೋದ ಮೇಲೆ ಹುಬ್ಬಳ್ಳಿಯವರು ಧಾರವಾಡದವರ ಮನೆಯಲ್ಲಿ ಮಲಗಿ ಬೆಳಗ್ಗೆ ನೇರವಾಗಿ ಕೆಲಸಕ್ಕೆ ಹೋಗುತ್ತಿದ್ದರು. ರಂಗಮಂದಿರದ ಬಾಡಿಗೆ, ಬಣ್ಣ, ಬೆಳಕು ಎಲ್ಲಕ್ಕೂ ಕೈಯಿಂದ ರೊಕ್ಕ ಹಾಕಿ, ಟಿಕೆಟ್ಟನ್ನೂ ನಾವೇ ಮನೆಮನೆಗೆ ಹೊತ್ತು ಮಾರುತ್ತಿದ್ದೆವು. ನಮ್ಮ ಮನೆಗಳಲ್ಲಿ ಇದಕ್ಕೆ ‘ಕೆಲಸಿಲ್ಲ ಬೊಗಸಿಲ್ಲ’ ಎಂದು ಹೆಸರು. ಮೈಮುರಿದು ಮಾಡುವ ಕೆಲಸವನ್ನೇ ಕೆಲಸವಿಲ್ಲದವರ ಕೆಲಸ ಎಂದು ಕರೆಯುವುದನ್ನು ಕೇಳಿ ನಾವು ನಗುತ್ತಿದ್ದೆವು.

ವೃತ್ತಿಯವರ ಬದುಕು ಇದಕ್ಕಿಂತ ಕಠಿಣವಾಗಿತ್ತು ಎಂಬುದನ್ನು ಮರೆಯಬಾರದು. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರು ಹುಡುಗರಾಗಿದ್ದಾಗಲೇ ಕಂಪನಿ ಸೇರಿ ಸ್ತ್ರೀಪಾತ್ರ ಮಾಡಿದರು, ಮುಂದೆ ಕಲಾವೈಭವ ನಾಟ್ಯಸಂಘದ ಮಾಲೀಕರಾಗಿ ಊರೂರು ತಿರುಗಿದರು. 2017ರಲ್ಲಿ ಶತಾಯುಷಿಯಾಗಿ ಕಣ್ಣು ಮುಚ್ಚಿದರು. ಅಂದಿನ ಆಟ ಬಿದ್ದುಹೋದರೆ ಹವ್ಯಾಸಿಗೆ ಮುಖಭಂಗ ಮಾತ್ರ. ಕಂಪನಿಯ ಮಾಲೀಕನಿಗೆ ಮರುದಿನ ಅಷ್ಟೂ ಜನರ ಊಟದ ಚಿಂತೆ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರುತ್ತಿದ್ದರು. ಗುರುಗಳು ಒಂದೇ ಸ್ವರಗುಚ್ಛವನ್ನು ಸರಿಬರುವವರೆಗೆ ಹೇಳಿಸುತ್ತಿದ್ದರು. ಮನೆ ನಡೆಸುವ ಹೊಣೆಯೂ ಆ ದನಿಯ ಮೇಲಿತ್ತು. ಮನಸೂರರು ನಾಟಕ ಕಂಪನಿಯ ಬಾಲನಟರಾಗಿದ್ದು, ಮೀರಜದ ನೀಲಕಂಠ ಬುವಾ ಅವರಲ್ಲಿ ಕಲಿತು, ಆಮೇಲೆ ಮತ್ತೆ ಶಿಷ್ಯರಾಗಿ ಮಂಜಿಖಾನರು, ಭುರ್ಜಿಖಾನರ ಮುಂದೆ ಕೂತವರು. ಆಗಲೇ ಹೆಸರು ಮಾಡಿದ್ದ ಗಾಯಕರೊಬ್ಬರು ಹೊಸ ಘರಾಣೆಯ ಪಾಠವನ್ನು ಮೊದಲಿನಿಂದ ಹೇಳಿಸಿಕೊಳ್ಳಬೇಕಾದರೆ ಹೊಟ್ಟೆಪಾಡೊಂದೇ ಕಾರಣವಾಗಿರಲಾರದು. ವೃತ್ತಿಯೊಳಗೂ ಆ ನಾದ ಹತ್ತಿಕೊಂಡೇ ಇರಬೇಕು.

ಹಾಗಾದರೆ ಹವ್ಯಾಸಿಗೂ ವೃತ್ತಿಯವನಿಗೂ ವ್ಯತ್ಯಾಸ ಶ್ರಮದಲ್ಲಿಲ್ಲ, ಪ್ರೀತಿಯಲ್ಲೂ ಇಲ್ಲ. ವ್ಯತ್ಯಾಸವಿರುವುದು ಆ ಕೆಲಸದ ಮೇಲೆ ಒಲೆ ಉರಿಯಬೇಕೋ ಬೇಡವೋ ಎಂಬುದರಲ್ಲಿ. ಇಷ್ಟು ಸರಳ ವ್ಯತ್ಯಾಸವನ್ನು ನಾವು ಮುಚ್ಚಿಡುತ್ತೇವೆ, ಮುಚ್ಚಲು ಈ ಪದಗಳನ್ನೇ ಬಳಸುತ್ತೇವೆ ಎಂಬುದು ನನ್ನ ತಕರಾರು.

ಕಸೂತಿಯನ್ನೇ ನೋಡಿ. ಧಾರವಾಡ ಸೀಮೆಯ ಈ ಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಗವಂತಿ, ಮುರಗಿ, ನೇಯಿಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಂಟು ಕಾಣಬಾರದು. ಗವಂತಿಯಲ್ಲಾದರೆ ಬಟ್ಟೆಯ ಎರಡೂ ಮಗ್ಗಲು ಒಂದೇ ಥರ ಕಾಣಬೇಕು. ಚಂದ್ರಕಾಳಿಯ ಕಪ್ಪು ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿ ವೃಂದಾವನಗಳನ್ನು ತೆಗೆಯುವಾಗ ಒಂದೆಳೆ ಲೆಕ್ಕ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ನಮ್ಮ ಅಜ್ಜಿಯರು ಮಗಳ ಮದುವೆಗೆಂದು ಇದನ್ನು ಮಾಡಿದರು. ಅವರಿಗೆ ಯಾರೂ ಕೂಲಿ ಕೊಡಲಿಲ್ಲ, ಅವರೂ ಕೇಳಲಿಲ್ಲ. ಇಂದು ಅದೇ ಕಸೂತಿಯನ್ನು ಹೊಟ್ಟೆಪಾಡಿಗೆ ಹಾಕುವ ಹೆಣ್ಣುಮಕ್ಕಳಿದ್ದಾರೆ. ಅಂಗಡಿಯಲ್ಲಿ ಸೀರೆಯ ಬೆಲೆ ಕೇಳಿ ಹುಬ್ಬು ಗಂಟಿಕ್ಕುವವರ ಬಾಯಲ್ಲಿ ನಾನು ಕೇಳಿದ ಮಾತು: ‘ಮನ್ಯಾಗ ಕೂತು ಹೊತ್ತು ಹೋಗಲಿಕ್ಕೆ ಹಾಕೂದಕ್ಕ ಇಷ್ಟೇನ್ರೀ?’ ಕಣ್ಣು ನೋಯುವ ದುಡಿತಕ್ಕೆ ಹವ್ಯಾಸದ ಹೆಸರು ಕೊಟ್ಟ ಕೂಡಲೇ ಅದರ ಬೆಲೆ ಇಳಿಯಿತು.

ಚರಕದ ಕತೆಯೂ ಇಂಥದೇ. ಗಾಂಧೀಜಿ ನೂಲುವುದನ್ನು ಯಜ್ಞವೆಂದರು. ಉಂಡುಟ್ಟು ಇದ್ದವರು ಬಡವರ ಜೊತೆ ನಿಲ್ಲಲು ದಿನಕ್ಕಿಷ್ಟು ನೂಲಬೇಕು ಎಂಬುದು ಅದರ ಆಶಯ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧವಾಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಧ್ವಜಕ್ಕೆ ನಾವು ಎದ್ದುನಿಂತು ವಂದಿಸುತ್ತೇವೆ, ಸರಿ. ಆದರೆ ಖಾದಿಯ ನೂಲು ತೆಗೆಯುವವಳಿಗೂ ಬಾವುಟ ಹೊಲಿಯುವವಳಿಗೂ ಅದು ದಿನದ ಪಗಾರ. ಯಜ್ಞವೆಂದು ಹೊಗಳಿದರೆ ಕಿರಾಣಿ ಅಂಗಡಿಯ ಬಾಕಿ ತೀರುವುದಿಲ್ಲ.

ಕಲಾವಿದರ ಪಾಡೂ ಬೇರೆಯಲ್ಲ. ಗಣೇಶೋತ್ಸವಕ್ಕೆ, ಸಂಘದ ವಾರ್ಷಿಕೋತ್ಸವಕ್ಕೆ, ನಿವೃತ್ತಿ ಸಮಾರಂಭಕ್ಕೆ ಹಾಡುವವರು ಬೇಕು, ತಬಲಾದವರು ಬೇಕು. ಶಾಮಿಯಾನದವರಿಗೆ ಮುಂಗಡ ಕೊಟ್ಟಿರುತ್ತಾರೆ, ಅಡುಗೆಯವರಿಗೆ ಕೊಟ್ಟಿರುತ್ತಾರೆ. ಹಾಡುವವರು ರೊಕ್ಕದ ಮಾತೆತ್ತಿದರೆ ‘ನಿಮ್ಮದು ಹವ್ಯಾಸ ಅಲ್ಲೇನ್ರಿ?’ ಎಂಬ ಅಚ್ಚರಿ. ಬಿಟ್ಟಿ ಎಂಬ ಪದವನ್ನು ಇಲ್ಲಿ ನೆನೆಯಬೇಕು. ಸಂಸ್ಕೃತದ ವಿಷ್ಟಿಯಿಂದ ಬಂದ ಬಿಟ್ಟಿಗೆ ಹಿಂದೆ ಪ್ರಭುಗಳು ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ಚಾಕರಿ ಎಂಬ ಅರ್ಥವಿತ್ತು. ಇಂದು ಪುಕ್ಕಟೆ ಸಿಕ್ಕದ್ದೆಲ್ಲ ಬಿಟ್ಟಿ ಎಂದು ನಗುತ್ತ ಹೇಳುತ್ತೇವೆ. ದುಡಿದವರ ಗೋಳು ಪದದಿಂದ ಉದುರಿಹೋಗಿ ಪಡೆದವರ ಲಾಭ ಮಾತ್ರ ಉಳಿದುಕೊಂಡಿದೆ.

ಇದರ ಇನ್ನೊಂದು ಮುಖ ಕಾಯಕದ ದುರ್ಬಳಕೆ. 12ನೆಯ ಶತಮಾನದ ಶರಣರು ದುಡಿತಕ್ಕೆ ಕೊಟ್ಟ ಘನತೆ ಜಗತ್ತಿನ ಎದುರು ತಲೆಯೆತ್ತಿ ಹೇಳಬಹುದಾದದ್ದು. ಆದರೆ ಕಚೇರಿಯ ಗೋಡೆಯ ಮೇಲೆ ಕಾಯಕದ ಮಹಿಮೆ ಬರೆಸಿ, ಹೊತ್ತು ಮೀರಿ ದುಡಿಸಿ, ಹೆಚ್ಚಿನ ಹೊತ್ತಿನ ಪಗಾರ ಕೇಳಿದರೆ ಆ ಗೋಡೆಯನ್ನೇ ತೋರಿಸುವವರನ್ನು ನಾನು ಕಂಡಿದ್ದೇನೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆ ಇಂಥವರಿಗೆ ಅರ್ಧ ಮಾತ್ರ ಗೊತ್ತು. ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದದ್ದಕ್ಕಿಂತ ಹೆಚ್ಚು ನಮ್ಮದಲ್ಲ, ತಂದಲ್ಲಿಯೇ ಸುರಿದು ಬಾ ಎಂದು ಹೆಂಡತಿ ಹಿಂದಕ್ಕೆ ಕಳಿಸಿದಳು. ಕಾಯಕದಲ್ಲಿ ದುಡಿಯುವ ಕಟ್ಟಳೆ ಎಷ್ಟಿದೆಯೋ ಹೆಚ್ಚು ಹಿಡಿದಿಟ್ಟುಕೊಳ್ಳಬಾರದೆಂಬ ಕಟ್ಟಳೆಯೂ ಅಷ್ಟೇ ಇದೆ. ಮೊದಲನೆಯದನ್ನು ನೌಕರನಿಗೆ ಬೋಧಿಸುವ ಮಾಲೀಕರು ಎರಡನೆಯದನ್ನು ತಮಗೆ ತಾವೇ ಓದಿಕೊಳ್ಳಬೇಕು.

ಈಚೆಗೆ ಹವ್ಯಾಸದ ಜಾಗಕ್ಕೆ ‘ಪ್ಯಾಶನ್’ ಬಂದು ಕೂತಿದೆ. ಕೆಲಸದ ಜಾಹೀರಾತುಗಳು ಪ್ಯಾಶನ್ ಇರುವವರೇ ಬೇಕು ಎನ್ನುತ್ತವೆ. ಲ್ಯಾಟಿನ್ನಿನಲ್ಲಿ ಆ ಪದದ ಮೂಲಾರ್ಥ ಯಾತನೆ; ಆ ಹುದ್ದೆಗಳ ಕೆಲಸದ ಹೊತ್ತನ್ನು ನೋಡಿದರೆ ಜಾಹೀರಾತು ಕೊಟ್ಟವರು ಮೂಲಾರ್ಥ ತಿಳಿದೇ ಬರೆದಂತಿದೆ. ಹವ್ಯಾಸವನ್ನೇ ವೃತ್ತಿಯಾಗಿಸಿಕೊಳ್ಳಿ ಎಂಬ ಉಪದೇಶವೂ ಇದರ ಬೆನ್ನಿಗೇ ಬಂದಿದೆ. ಕೆಲವರಿಗೆ ಅದು ಒಗ್ಗೀತು. ಎಲ್ಲರಿಗೂ ಒಗ್ಗಬೇಕಾಗಿಲ್ಲ. ಸಿತಾರ ನುಡಿಸುವ ಡಾಕ್ಟರು, ಬಯಲಾಟ ಕುಣಿಯುವ ರೈತ, ಶಾಸನ ಓದುವ ವಕೀಲರು ನಮ್ಮ ಸೀಮೆಗೆ ಹೊಸಬರಲ್ಲ. ಅವರ ನಾದವನ್ನು ಗಳಿಕೆಯ ತಕ್ಕಡಿಗೆ ಹಾಕದೆ ಬಿಟ್ಟದ್ದರಿಂದಲೇ ಅದು ಬಾಳಿತು.

ಆದರೆ ಹವ್ಯಾಸಿ ಎಂಬ ಹೆಸರಿನ ಮರೆಯಲ್ಲಿ ಸೋಮಾರಿತನವೂ ಅಡಗಿಕೊಳ್ಳುತ್ತದೆ ಎಂಬುದನ್ನು ಒಪ್ಪಬೇಕು. ಮಾತು ಬಾಯಿಪಾಠವಾಗದೆ ರಂಗಕ್ಕೆ ಬಂದು, ಶ್ರುತಿ ಸೇರದೆ ಹಾಡಿ, ‘ನಾವು ಹವ್ಯಾಸಿಗಳು, ತಪ್ಪಿದ್ದರೆ ಹೊಟ್ಟಿಗೆ ಹಾಕ್ಕೊಳ್ರಿ’ ಎಂದು ಕೈ ಮುಗಿಯುವವರಿದ್ದಾರೆ. ನೋಡಲು ಬಂದವನು ತನ್ನ ಸಂಜೆಯನ್ನು ಕೊಟ್ಟಿರುತ್ತಾನೆ. ಅವನಿಗೆ ನೀವು ಸಂಬಳ ಪಡೆಯುತ್ತೀರೋ ಇಲ್ಲವೋ ಎಂಬುದು ಬೇಕಿಲ್ಲ. ತಾಲೀಮು ಇಲ್ಲದ ಹವ್ಯಾಸಕ್ಕೆ ನಮ್ಮ ಓಣಿಯವರು ಇಟ್ಟ ಶೋಕಿ ಎಂಬ ಹೆಸರೇ ಸರಿ.

ಆದ್ದರಿಂದ ಮಾಸ್ತರರೇ, ಮಕ್ಕಳಿಗೆ ಇವನ್ನು ವಿರುದ್ಧಪದಗಳೆಂದು ಬರೆಸಬೇಡಿ. ಹವ್ಯಾಸದ ವಿರುದ್ಧಪದ ನಿರಾಸಕ್ತಿ, ಪರಿಶ್ರಮದ ವಿರುದ್ಧಪದ ಮೈಗಳ್ಳತನ ಎಂದು ಬರೆಸಿರಿ. ಸಪ್ತಾಪುರದ ಹುಡುಗರೇ, ಆ ಸಾಲಿನಲ್ಲಿ ನೀವು ನಿಜವಾಗಿ ತಾಲೀಮು ಮಾಡಿದ್ದನ್ನು ಮಾತ್ರ ಬರೆಯಿರಿ, ಎರಡನೆಯ ಪ್ರಶ್ನೆಗೆ ಹೆದರಬೇಕಾಗಿಲ್ಲ. ಕಾರ್ಯಕ್ರಮ ಮಾಡುವವರೇ, ಕಲಾವಿದರಿಗೆ ಫೋನ್ ಮಾಡಿದಾಗ ಮಾನಧನ ಎಷ್ಟೆಂದು ನೀವೇ ಮೊದಲು ಹೇಳಿಬಿಡಿ. ಬೇಡವೆನ್ನುವ ಹಕ್ಕು ಅವರದು, ಕೊಡದಿರುವ ಹಕ್ಕು ನಿಮ್ಮದಲ್ಲ. ತಂದೆತಾಯಿಯರಲ್ಲಿ ನನ್ನದೊಂದೇ ಕೋರಿಕೆ. ಮಗನಿಗೋ ಮಗಳಿಗೋ ಯಾವುದಾದರೂ ನಾದ ಹತ್ತಿದರೆ, ಇದರಿಂದ ಏನು ಬರುತ್ತದೆ ಎಂದು ಮೊದಲೇ ಕೇಳಬೇಡಿ. ಯಾರ ಹತ್ತಿರ ಕಲಿಯುತ್ತೀ, ದಿನಕ್ಕೆ ಎಷ್ಟು ಹೊತ್ತು ಕೂರುತ್ತೀ ಎಂದು ಕೇಳಿ.